ಎಲ್ಲರೂ ಬಳಸುವಂಥ ಪ್ರೈವೆಸಿ ಆ್ಯಪ್ ಮಾಡುವುದು ಹೇಗೆ?

ಪ್ರಶ್ನೆ: ಸರ್, ನಾವು ಶಿವಮೊಗ್ಗದ ಮೂವರು ಗೆಳೆಯರು. ಮನೆಮಂದಿಯ ದಾಖಲೆಗಳನ್ನು ಭದ್ರವಾಗಿ ಇಟ್ಟುಕೊಳ್ಳುವ ಒಂದು ಆ್ಯಪ್ ಮಾಡುತ್ತಿದ್ದೇವೆ. ಆಧಾರ್, ರೇಷನ್ ಕಾರ್ಡ್, ಪಹಣಿ, ಪಾಸ್‌ಬುಕ್, ಆಸ್ಪತ್ರೆ ರಿಪೋರ್ಟ್, ಹೀಗೆ. ಎಲ್ಲವೂ ಫೋನಿನಲ್ಲೇ, ಕೀ ಇಲ್ಲದೆ ಯಾರೂ ಓದಲಾಗದ ಹಾಗೆ, ಎನ್‌ಕ್ರಿಪ್ಟ್ ಆಗಿ ಆಮೇಲೆ ಸರ್ವರ್‌ಗೆ ಹೋಗುತ್ತವೆ. ನಾವೇ ನೋಡಬೇಕೆಂದರೂ ಆಗುವುದಿಲ್ಲ. ಆ್ಯಪ್ ಮೊದಲ ಸಲ ತೆರೆದಾಗ, ಫೋನ್ ಕಳೆದರೆ ದಾಖಲೆ ಮರಳಿ ಪಡೆಯಲು ಬೇಕಾಗುವ 24 ಪದಗಳ ರಿಕವರಿ ಕೀ ತೋರಿಸಿ, ಬರೆದಿಟ್ಟುಕೊಳ್ಳಿ ಎನ್ನುತ್ತೇವೆ. ಊರಿನಲ್ಲಿ ಅಮ್ಮ, ಚಿಕ್ಕಪ್ಪ, ಅತ್ತಿಗೆ ಎಲ್ಲರಿಗೂ ಹಾಕಿಕೊಟ್ಟೆವು. ಹೆಚ್ಚಿನವರು ಆ ಸ್ಕ್ರೀನಿನಲ್ಲೇ ನಿಂತುಬಿಟ್ಟರು. ಅತ್ತಿಗೆ ಅದರ ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದರು. ಜನರಿಗೆ ಮೊದಲು ತಿಳಿವಳಿಕೆ ಕೊಡಬೇಕು, ವಿಡಿಯೊ ಮಾಡೋಣ ಎಂದು ಒಬ್ಬ ಗೆಳೆಯ ಹೇಳುತ್ತಾನೆ. ಸುರಕ್ಷತೆ ಸ್ವಲ್ಪ ಇಳಿಸಿ ಸುಲಭ ಮಾಡೋಣ ಎಂದು ಇನ್ನೊಬ್ಬ. ಯಾವುದು ಸರಿ?

ಉತ್ತರ: ಇಬ್ಬರ ಮಾತನ್ನೂ ನಾನು ಒಪ್ಪುವುದಿಲ್ಲ. ಏಕೆ ಅಂತ ಹೇಳುವ ಮೊದಲು ನಿಮ್ಮ ಅತ್ತಿಗೆಯ ಪರವಾಗಿ ಒಂದು ಮಾತು. ಅವರು ಮಾಡಿದ್ದು ಪೆದ್ದುತನ ಅಲ್ಲ. ಇದು ಕಳೆದರೆ ಎಲ್ಲ ಹೋಯಿತು, ಜೋಪಾನವಾಗಿಡಿ ಅಂತ ನಿಮ್ಮ ಸ್ಕ್ರೀನ್ ಹೇಳಿತು. ಎಲ್ಲಿಡಬೇಕು ಅಂತ ಹೇಳಲಿಲ್ಲ. ಫೋನ್ ಬದಲಾದರೂ ಕಳೆದುಹೋಗದ, ಬೇಕಾದಾಗ ಕೈಗೆ ಸಿಗುವ ಜಾಗ ಅಂತ ಅವರಿಗೆ ಗೊತ್ತಿರುವುದು ಫ್ಯಾಮಿಲಿ ಗ್ರೂಪ್. ಅಲ್ಲಿಟ್ಟರು. ಅವರ ಲೆಕ್ಕ ಸರಿಯಾಗಿಯೇ ಇದೆ. ನೀವು ಅವರಿಗೆ ಒಪ್ಪಿಸಿದ ಕೆಲಸ ಸರಿ ಇಲ್ಲ.

ಬಳಸುವವರಿಗೆ ಉತ್ತರ ಗೊತ್ತಿರದ ಪ್ರಶ್ನೆಯನ್ನು ಆ್ಯಪ್ ಕೇಳಬಾರದು. ಈ ಕೆಲಸದಲ್ಲಿ ನಾನು ಗಟ್ಟಿಯಾಗಿ ನಂಬಿರುವುದು ಇದನ್ನೇ. ಗೊತ್ತಿರದ ಪ್ರಶ್ನೆ ಕೇಳಿದರೆ ಅವರು ಏನೋ ಒಂದು ಒತ್ತುತ್ತಾರೆ. ಆಮೇಲೆ ಏನಾದರೂ ಆದರೆ, ನೀವೇ ಒಪ್ಪಿದ್ದಿರಲ್ಲ ಎನ್ನುತ್ತೇವೆ. ಇದು ನ್ಯಾಯ ಅಲ್ಲ. ಆ ತೀರ್ಮಾನಗಳನ್ನು ನೀವು, ಮಾಡುವವರು, ಕೂತು ತಲೆ ಕೆಡಿಸಿಕೊಂಡು ತೆಗೆದುಕೊಳ್ಳಬೇಕು.

ಇದು ಹೊಸ ಮಾತೇನಲ್ಲ. 1883ರಲ್ಲಿ ಆಗುಸ್ಟ್ ಕೆರ್ಕ್‌ಹಾಫ್ಸ್ ಎಂಬವರು ಸೇನೆಯ ಗುಪ್ತ ಸಂದೇಶಗಳು ಹೇಗಿರಬೇಕು ಅಂತ ಆರು ನಿಯಮ ಬರೆದರು. ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಅದರಲ್ಲಿ ಎರಡನೆಯದು ಬಾಯಿಪಾಠ: ವಿಧಾನ ಶತ್ರುವಿಗೆ ಗೊತ್ತಾದರೂ ತೊಂದರೆ ಆಗಬಾರದು, ಕೀ ಒಂದು ಗುಟ್ಟಾಗಿದ್ದರೆ ಸಾಕು. ಆರನೆಯದನ್ನು ಯಾರೂ ಹೇಳಿಕೊಡುವುದಿಲ್ಲ. ಅದು ಹೀಗಿದೆ: ಬಳಸುವುದು ಸುಲಭವಾಗಿರಬೇಕು, ತಲೆಗೆ ಭಾರ ಆಗಬಾರದು, ನಿಯಮಗಳ ಉದ್ದ ಪಟ್ಟಿ ನೆನಪಿಡುವಂತೆ ಇರಬಾರದು. ಯುದ್ಧದ ನಡುವೆ ಟೆಲಿಗ್ರಾಫ್ ಕಳಿಸುವ ಸೈನಿಕನಿಗಾಗಿ ಬರೆದ ಮಾತು. ಒಲೆ ಮೇಲೆ ಹಾಲಿಟ್ಟು ಫೋನ್ ಕೈಗೆತ್ತಿಕೊಂಡವರಿಗೂ ಅದೇ ಬೇಕು.

ಆ ಆರನೆಯ ನಿಯಮ ಮರೆತರೆ ಏನಾಗುತ್ತದೆ ಎಂಬುದಕ್ಕೆ ಪಿಜಿಪಿ ಒಳ್ಳೆಯ ಉದಾಹರಣೆ. ಫಿಲ್ ಜಿಮ್ಮರ್‌ಮನ್ 1991ರಲ್ಲಿ ಅದನ್ನು ಜನರ ಕೈಗೆ ಕೊಟ್ಟರು. ಇಮೇಲ್ ಅನ್ನು ಸರ್ಕಾರಗಳೂ ಓದಲಾಗದ ಹಾಗೆ ಎನ್‌ಕ್ರಿಪ್ಟ್ ಮಾಡುವ ಸಾಧನ. ಗಣಿತ ಗಟ್ಟಿಯಾಗಿತ್ತು. 1999ರ ಹೊತ್ತಿಗೆ ಬಟನ್ನು, ಚಿತ್ರ ಎಲ್ಲ ಸೇರಿ ನೋಡಲು ಚೆಂದವೂ ಆಗಿತ್ತು. ಆಗ ಆಲ್ಮಾ ವಿಟನ್ ಮತ್ತು ಜೆ. ಡಿ. ಟೈಗರ್ ಅಮೆರಿಕದಲ್ಲಿ ಒಂದು ಪರೀಕ್ಷೆ ಮಾಡಿದರು. ದಿನಾ ಇಮೇಲ್ ಬಳಸುವ 12 ಜನರನ್ನು ಕೂರಿಸಿ, ನೀವು ಒಂದು ಚುನಾವಣಾ ಪ್ರಚಾರದಲ್ಲಿ ಕೆಲಸ ಮಾಡುತ್ತಿದ್ದೀರಿ ಎಂದುಕೊಳ್ಳಿ, ಈ ಗುಟ್ಟಿನ ಮಾಹಿತಿಯನ್ನು ತಂಡದವರಿಗೆ ಎನ್‌ಕ್ರಿಪ್ಟ್ ಮಾಡಿ ಕಳಿಸಿ ಎಂದರು. ತೊಂಬತ್ತು ನಿಮಿಷ ಸಮಯ. ಪೂರ್ತಿ ಸರಿಯಾಗಿ ಮಾಡಿದವರು ಮೂರರಲ್ಲಿ ಒಂದು ಪಾಲು. ನಾಲ್ಕರಲ್ಲಿ ಒಬ್ಬರು ಆ ಗುಟ್ಟನ್ನು ಗೊತ್ತಿಲ್ಲದೆ ಬಿಚ್ಚಿಟ್ಟೇ ಕಳಿಸಿಬಿಟ್ಟರು. ಕಳಿಸಿದ್ದು ಭದ್ರವಾಗಿ ಹೋಯಿತು ಎಂದುಕೊಂಡವರೊಬ್ಬರೂ ಅವರಲ್ಲಿದ್ದರು. ನನಗೆ ಭಯ ಹುಟ್ಟಿಸುವುದು ಇದು. ಭದ್ರತೆ ಇಲ್ಲ ಎಂದು ಗೊತ್ತಿದ್ದರೆ ಮನುಷ್ಯ ಹುಷಾರಾಗಿರುತ್ತಾನೆ. ಇದೆ ಎಂದುಕೊಂಡು ಇಲ್ಲದಿದ್ದರೆ ಬಾಯಿ ಬಿಡುತ್ತಾನೆ.

ಅದೇ ಕೆಲಸವನ್ನು 2016ರ ಏಪ್ರಿಲ್‌ನಲ್ಲಿ ವಾಟ್ಸ್ಆ್ಯಪ್ ಮಾಡಿತು. ಸಿಗ್ನಲ್ ಎಂಬ ಮೆಸೇಜ್ ಆ್ಯಪ್‌ನ ತಂಡ ರೂಪಿಸಿದ ಪ್ರೋಟೊಕಾಲ್ ಬಳಸಿ ನೂರು ಕೋಟಿಗೂ ಹೆಚ್ಚು ಜನರ ಮಾತುಕತೆ, ಮಾತಾಡುವವರು ಬಿಟ್ಟು ಮಧ್ಯದ ಯಾರೂ ಓದಲಾಗದ ಹಾಗೆ, ಎಂಡ್-ಟು-ಎಂಡ್ ಎನ್‌ಕ್ರಿಪ್ಟ್ ಆಯಿತು. ನಿಮ್ಮ ಅಮ್ಮನದ್ದೂ ಆಯಿತು. ಅವರು ಏನು ಮಾಡಬೇಕಾಯಿತು? ಏನೂ ಇಲ್ಲ. ಕೀ ಹುಟ್ಟಿದ್ದು, ಬದಲಾದದ್ದು, ಇನ್ನೊಬ್ಬರ ಫೋನಿಗೆ ತಲುಪಿದ್ದು ಯಾವುದೂ ಅವರಿಗೆ ಕಾಣಲಿಲ್ಲ. ಚಾಟ್‌ನಲ್ಲಿ ಒಂದು ಸಣ್ಣ ಸಾಲು ಬಂದು ಹೋಯಿತು, ಅಷ್ಟೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ಸುಲಭ ಪುಕ್ಕಟೆ ಬರಲಿಲ್ಲ. ನೀವು ಮಾತಾಡುತ್ತಿರುವುದು ನಿಜಕ್ಕೂ ಅದೇ ವ್ಯಕ್ತಿಯ ಫೋನಿನ ಜೊತೆ ಎಂದು ಖಚಿತಪಡಿಸಿಕೊಳ್ಳಬೇಕಾದರೆ ಇಬ್ಬರೂ 60 ಅಂಕಿಗಳ ಕೋಡ್ ಹೋಲಿಸಬೇಕು, ಇಲ್ಲವೇ ಕ್ಯುಆರ್ ಸ್ಕ್ಯಾನ್ ಮಾಡಬೇಕು. ಹೆಚ್ಚಿನವರು ಜೀವಮಾನದಲ್ಲಿ ಒಮ್ಮೆಯೂ ಮಾಡುವುದಿಲ್ಲ. ಎದುರಿನವರ ಕೀ ಬದಲಾದರೆ ಎಚ್ಚರಿಸುವ ಸೆಟ್ಟಿಂಗನ್ನು ನೀವೇ ಹೋಗಿ ಆನ್ ಮಾಡಿಕೊಳ್ಳಬೇಕು. ಶುದ್ಧ ಸುರಕ್ಷತೆಯ ಕಣ್ಣಿನಿಂದ ನೋಡಿದರೆ ಇದು ಕೊರತೆ. ಆದರೂ ಇದು ಸರಿಯಾದ ತೀರ್ಮಾನ ಅಂತಲೇ ನಾನು ಹೇಳುತ್ತೇನೆ. ಜನ ಫೋನ್ ಬದಲಿಸುತ್ತಾರೆ, ಆ್ಯಪ್ ಅಳಿಸಿ ಮತ್ತೆ ಹಾಕುತ್ತಾರೆ, ಪ್ರತಿ ಸಲವೂ ಕೀ ಬದಲಾಗುತ್ತದೆ. ಅಷ್ಟೂ ಸಲ ಕೆಂಪು ಎಚ್ಚರಿಕೆ ಬಂದರೆ ಯಾರು ಓದುತ್ತಾರೆ? ಪತ್ರಕರ್ತರು, ವಕೀಲರು, ಬೆದರಿಕೆ ಎದುರಿಸುವವರು ಆ ಕೋಡ್ ಹೋಲಿಸಲೇಬೇಕು. ಅವರಿಗೆ ಬೇಕಾದ್ದು ಇದೆ, ಉಳಿದವರ ದಾರಿಗೆ ಅಡ್ಡ ಬರುವುದಿಲ್ಲ.

ಇದರಲ್ಲಿ ಇನ್ನೊಂದು ಲಾಭವೂ ಇದೆ, ಅದನ್ನು ನಿಮ್ಮ ಸುರಕ್ಷತೆ ಇಳಿಸೋಣ ಎನ್ನುವ ಗೆಳೆಯನಿಗೆ ಹೇಳಿ. ಗುಟ್ಟು ಇರುವವರು ಮಾತ್ರ ಒಂದು ಸಾಧನ ಬಳಸಿದರೆ, ಅದು ಫೋನಿನಲ್ಲಿ ಇರುವುದೇ ಒಂದು ಸುಳಿವು. ಎಲ್ಲರೂ ಬಳಸಿದರೆ ಯಾರ ಮೇಲೂ ಅನುಮಾನ ಬರುವುದಿಲ್ಲ. ಗುರುತು ಸಿಗದಂತೆ ಇಂಟರ್ನೆಟ್ ಬಳಸಲು ನೆರವಾಗುವ ಟಾರ್ ಜಾಲವನ್ನು ಕಟ್ಟಿದವರು 2006ರಲ್ಲೇ ಇದನ್ನು ಬರೆದಿದ್ದಾರೆ: ಗುಂಪು ದೊಡ್ಡದಾದಷ್ಟೂ ಒಳಗಿರುವವರು ಮರೆಯಾಗುತ್ತಾರೆ, ಗುಂಪು ದೊಡ್ಡದಾಗಬೇಕಾದರೆ ಸಾಧನ ಸುಲಭವಾಗಿರಬೇಕು. ಸುಲಭ ಒಂದು ಕಡೆ, ಸುರಕ್ಷತೆ ಇನ್ನೊಂದು ಕಡೆ ಅಂತ ಹಗ್ಗ ಜಗ್ಗಾಟ ಯಾವಾಗಲೂ ಇರುವುದಿಲ್ಲ.

ಈಗ ತಿಳಿವಳಿಕೆಯ ವಿಚಾರ. ನೀವು ಕನ್ನಡ ಟೈಪ್ ಮಾಡಲು ಒಂದು ಹೊಸ ಕೀಬೋರ್ಡ್ ಆ್ಯಪ್ ಹಾಕಿಕೊಂಡಿದ್ದೀರಿ ಎಂದುಕೊಳ್ಳಿ. ಆನ್ ಮಾಡುವಾಗ ಆಂಡ್ರಾಯ್ಡ್ ಒಂದು ಎಚ್ಚರಿಕೆ ತೋರಿಸುತ್ತದೆ. ಈ ಕೀಬೋರ್ಡ್ ನೀವು ಟೈಪ್ ಮಾಡುವ ಎಲ್ಲವನ್ನೂ, ಪಾಸ್‌ವರ್ಡ್, ಕಾರ್ಡ್ ನಂಬರ್ ಸೇರಿ, ಸಂಗ್ರಹಿಸಬಹುದು ಅಂತ. ನೋಡಿರುತ್ತೀರಿ, ಅಲ್ವಾ? ಏನು ಮಾಡಿದಿರಿ? ಓಕೆ ಒತ್ತಿದಿರಿ. ಬೇರೆ ದಾರಿಯೇ ಇಲ್ಲ, ಕನ್ನಡ ಬರೆಯಬೇಕು. ಆ ಎಚ್ಚರಿಕೆ ಸುಳ್ಳಲ್ಲ. ಕೀಬೋರ್ಡ್ ಆ್ಯಪ್‌ಗೆ ನಿಜಕ್ಕೂ ನಾವು ಒತ್ತುವ ಪ್ರತಿ ಅಕ್ಷರವೂ ಕಾಣುತ್ತದೆ. ಆದರೆ ಅದು ಪ್ರಾಮಾಣಿಕ ಕೀಬೋರ್ಡಿಗೂ ಕಳ್ಳ ಕೀಬೋರ್ಡಿಗೂ ಒಂದೇ ಮಾತು ಹೇಳುತ್ತದೆ. ಒಳ್ಳೆಯದನ್ನು ಕೆಟ್ಟದ್ದರಿಂದ ಬೇರೆ ಮಾಡಲು ಸಹಾಯ ಮಾಡದ ಎಚ್ಚರಿಕೆಯಿಂದ ಓದುವವರಿಗೆ ಒಂದೇ ಪಾಠ ಸಿಗುತ್ತದೆ: ಇಂಥವು ಬರುತ್ತಿರುತ್ತವೆ, ಒತ್ತಿ ಮುಂದೆ ಹೋಗಬೇಕು.

ಆಂಡ್ರಾಯ್ಡ್ ಪರ್ಮಿಷನ್‌ಗಳ ಕಥೆಯೂ ಇದೇ. ಮೊದಲೆಲ್ಲ ಆ್ಯಪ್ ಹಾಕಿಕೊಳ್ಳುವಾಗಲೇ ಉದ್ದ ಪಟ್ಟಿ ಬರುತ್ತಿತ್ತು. 2012ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ನೋಡಿದರೆ, ಆ ಪಟ್ಟಿಗೆ ಗಮನ ಕೊಟ್ಟವರು ಶೇ 17 ಮಾತ್ರ. ಅದರ ಅರ್ಥದ ಬಗ್ಗೆ ಕೇಳಿದ ಮೂರೂ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದವರು ಶೇ 3. ಪಟ್ಟಿಯನ್ನು ಇನ್ನೂ ಚೆನ್ನಾಗಿ ಬರೆದು, ವಿಡಿಯೊ ಮಾಡಿ ತೋರಿಸಬಹುದಿತ್ತು. ಗೂಗಲ್ ಹಾಗೆ ಮಾಡಲಿಲ್ಲ. 2015ರ ಆಂಡ್ರಾಯ್ಡ್ 6ರಿಂದ ಕೇಳುವ ಹೊತ್ತನ್ನೇ ಬದಲಿಸಿತು. ನೀವು ಫೋಟೊ ತೆಗೆಯಲು ಹೋದಾಗ ಕ್ಯಾಮೆರಾ ಕೇಳುತ್ತದೆ. ಆಗ ಉತ್ತರ ಹೇಳುವುದು ಸುಲಭ, ಏಕೆಂದರೆ ಏಕೆ ಕೇಳುತ್ತಿದೆ ಅಂತ ಕಣ್ಣೆದುರೇ ಇದೆ. ಟಾರ್ಚ್ ಆ್ಯಪ್ ಕಾಂಟ್ಯಾಕ್ಟ್ ಲಿಸ್ಟ್ ಕೇಳಿದರೆ ಯಾರಿಗಾದರೂ ಇದೇಕೆ ಅನ್ನಿಸುತ್ತದೆ. 2020ರ ಆಂಡ್ರಾಯ್ಡ್ 11ರಲ್ಲಿ ಈ ಸಲಕ್ಕೆ ಮಾತ್ರ ಎಂಬ ಆಯ್ಕೆ ಬಂತು. ಬಹಳ ದಿನ ಬಳಸದ ಆ್ಯಪ್‌ಗೆ ಕೊಟ್ಟ ಅನುಮತಿಗಳು ತಾವಾಗೇ ವಾಪಸ್ ಹೋಗುವ ವ್ಯವಸ್ಥೆಯೂ ಬಂತು. ಈ ಕೊನೆಯದು ನನಗೆ ತುಂಬಾ ಹಿಡಿಸಿದ ಬದಲಾವಣೆ. ಮರೆತುಬಿಡುವುದು ಮನುಷ್ಯರ ಸ್ವಭಾವ ಅಂತ ಒಪ್ಪಿಕೊಂಡು, ಮರೆತವರಿಗೆ ನಷ್ಟ ಆಗದ ಹಾಗೆ ಮಾಡಿದ್ದಾರೆ.

ಬ್ರೌಸರಿನ ಬೀಗದ ಚಿತ್ರ ಇನ್ನೊಂದು. ಬೀಗ ಇದ್ದರೆ ಸೈಟ್ ನಂಬಬಹುದು ಅಂತ ವರ್ಷಗಟ್ಟಲೆ ಎಲ್ಲರಿಗೂ ಹೇಳಿಕೊಟ್ಟೆವು. ಬೀಗ ಹೇಳುತ್ತಿದ್ದುದು ಮಧ್ಯದಲ್ಲಿ ಯಾರೂ ಕದ್ದು ನೋಡುತ್ತಿಲ್ಲ ಎಂದಷ್ಟೇ. ಆ ಕಡೆ ಕೂತವನು ಕಳ್ಳನೇ ಆಗಿರಬಹುದು. ಮೋಸದ ಸೈಟುಗಳೂ ಬೀಗ ಹಾಕಿಕೊಂಡವು. 2021ರಲ್ಲಿ ಗೂಗಲ್ ಪರೀಕ್ಷಿಸಿದಾಗ ಬೀಗದ ಅರ್ಥ ಸರಿಯಾಗಿ ಗೊತ್ತಿದ್ದವರು ಶೇ 11. ಕೊನೆಗೆ 2023ರಲ್ಲಿ ಕ್ರೋಮ್ ಆ ಬೀಗವನ್ನೇ ತೆಗೆದುಹಾಕಿತು. ನಿಮ್ಮ ಆ್ಯಪ್‌ನಲ್ಲಿ ಎಲ್ಲೆಲ್ಲೋ ಬೀಗ, ಗುರಾಣಿ ಚಿತ್ರ ಹಾಕಿದ್ದರೆ ದಯವಿಟ್ಟು ತೆಗೆಯಿರಿ. ಅವು ಅಲಂಕಾರ ಅಷ್ಟೆ, ಜನ ಭರವಸೆ ಅಂತ ಓದುತ್ತಾರೆ.

ಎಚ್ಚರಿಕೆಗಿಂತ ಎಷ್ಟೋ ಸಲ ತೊಂದರೆಯ ಮೂಲವನ್ನೇ ತೆಗೆಯುವುದು ಮೇಲು. ನಮ್ಮ ಯುಪಿಐ ನೋಡಿ. ಹಣ ಬರಲು ಪಿನ್ ಹಾಕಬೇಕಿಲ್ಲ ಅಂತ ಬ್ಯಾಂಕು, ಪೊಲೀಸು, ಪೇಪರು ಎಲ್ಲರೂ ಹೇಳಿದರು. ಆದರೂ ಹಣ ಕೇಳುವ ಕಲೆಕ್ಟ್ ರಿಕ್ವೆಸ್ಟ್ ಕಳಿಸಿ, ನಿಮಗೆ ಹಣ ಬರುತ್ತೆ, ಪಿನ್ ಒತ್ತಿ ಅಂತ ನಂಬಿಸಿ ದೋಚುವುದು ನಿಲ್ಲಲಿಲ್ಲ. ಕೊನೆಗೆ ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರ್‌ನಿಂದ ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಕಳಿಸುವ ಕಲೆಕ್ಟ್ ರಿಕ್ವೆಸ್ಟನ್ನೇ ನಿಲ್ಲಿಸಿತು. ಇದು ಹಣದ ವಿಷಯ, ಖಾಸಗಿತನದ್ದಲ್ಲ. ಪಾಠ ಮಾತ್ರ ಒಂದೇ. ನಿಮ್ಮ ಆ್ಯಪ್‌ನಲ್ಲಿ ಯಾವ ಬಟನ್ ಬಗ್ಗೆ ನೀವು ಮೂರು ಸಾಲಿನ ಎಚ್ಚರಿಕೆ ಬರೆಯುತ್ತಿದ್ದೀರೋ, ಆ ಬಟನ್ ಬೇಕೇ ಬೇಕಾ ಅಂತ ಮೊದಲು ಕೇಳಿಕೊಳ್ಳಿ.

ಇದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ. ನೀವು ದಾಖಲೆಗಳನ್ನು ಯಾರಿಂದ ಕಾಪಾಡುತ್ತಿದ್ದೀರಿ? ನಿಮ್ಮ ಪತ್ರ ಓದಿದರೆ ಸರ್ವರ್‌ಗೆ ನುಗ್ಗುವ ಹ್ಯಾಕರ್ ಕಾಣುತ್ತಾನೆ, ಮತ್ತೆ ನೀವೇ ಕಾಣುತ್ತೀರಿ. ಸರಿ, ಅದೂ ಬೇಕು. ಆದರೆ ನಮ್ಮ ಊರುಗಳಲ್ಲಿ ಆಧಾರ್ ಸೋರಿಹೋಗುವುದು ಹೆಚ್ಚಾಗಿ ಎಲ್ಲಿ? ಜೆರಾಕ್ಸ್ ಅಂಗಡಿಯಲ್ಲಿ ಅರ್ಧ ಗಂಟೆ ನಿಂತು ನೋಡಿ. ಗೋಡೆ ಮೇಲೆ ಅಂಗಡಿಯ ವಾಟ್ಸ್ಆ್ಯಪ್ ನಂಬರ್ ಅಂಟಿಸಿರುತ್ತಾರೆ. ಬಂದವರು ಆಧಾರ್ ಫೋಟೊ ಆ ನಂಬರಿಗೆ ಕಳಿಸುತ್ತಾರೆ. ಅಂಗಡಿಯವನು ಕಂಪ್ಯೂಟರಿನಲ್ಲಿ ವಾಟ್ಸ್ಆ್ಯಪ್ ವೆಬ್ ತೆರೆದಿಟ್ಟಿರುತ್ತಾನೆ, ಡೌನ್‌ಲೋಡ್ ಮಾಡಿ ಪ್ರಿಂಟ್ ಕೊಡುತ್ತಾನೆ. ಆ ಫೈಲ್ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿಯುತ್ತದೆ. ಒಂದು ಪ್ರತಿ ಚಾಟ್‌ನಲ್ಲಿ, ಒಂದು ಕಳಿಸಿದವರ ಗ್ಯಾಲರಿಯಲ್ಲಿ. ಸರಿಯಾಗಿ ಬರದ ಪ್ರಿಂಟು ಪಕ್ಕದ ರದ್ದಿ ಡಬ್ಬಿಗೆ. ಯಾರಿಗೂ ಕೆಟ್ಟ ಉದ್ದೇಶ ಇಲ್ಲ. ಎಲ್ಲರಿಗೂ ಆತುರ. ಸೇವಾ ಕೇಂದ್ರಗಳಲ್ಲಿ ಸಾಲಿನಲ್ಲಿ ನಿಂತವರು ಬಂದ ಒಟಿಪಿಯನ್ನು ಗಟ್ಟಿಯಾಗಿ ಓದಿ ಹೇಳುವುದನ್ನೂ ನೀವು ಕೇಳಿರುತ್ತೀರಿ.

ನಿಮ್ಮ ಎನ್‌ಕ್ರಿಪ್ಶನ್ ಎಷ್ಟೇ ಗಟ್ಟಿ ಇರಲಿ, ದಾಖಲೆ ಹೊರಗೆ ಹೋಗುವ ಆ ಒಂದು ನಿಮಿಷದಲ್ಲಿ ಅದು ಏನೂ ಮಾಡುವುದಿಲ್ಲ. ನಾನಾಗಿದ್ದರೆ ಆ್ಯಪ್‌ನ ಅರ್ಧ ಶ್ರಮವನ್ನು ಆ ನಿಮಿಷಕ್ಕೆ ಹಾಕುತ್ತಿದ್ದೆ. ಆಧಾರ್ ಶೇರ್ ಮಾಡಲು ಹೋದರೆ ಮೊದಲ ಎಂಟು ಅಂಕಿ ಮುಚ್ಚಿದ ಪ್ರತಿಯೇ ತಾನಾಗಿ ಹೋಗಲಿ. ಕೊನೆಯ ನಾಲ್ಕೇ ಅಂಕಿ ಕಾಣುವ ಮಾಸ್ಕ್ಡ್ ಆಧಾರ್ ಅನ್ನು ಆಧಾರ್ ಕೊಡುವ ಪ್ರಾಧಿಕಾರ ಯುಐಡಿಎಐ ತಾನೇ ಕೊಡುತ್ತದೆ, ಇದೇನು ನಿಮ್ಮ ಕಲ್ಪನೆ ಅಲ್ಲ. ಪೂರ್ತಿ ನಂಬರ್ ಬೇಕೇ ಬೇಕು ಅಂತ ಕೌಂಟರಿನವರು ಹಟ ಹಿಡಿದರೆ ಮಾತ್ರ ಇನ್ನೊಂದು ಹೆಜ್ಜೆ. ಹಾಗೆಯೇ ಪ್ರತಿಯ ಮೇಲೆ ಅಡ್ಡಲಾಗಿ, ಸಿಮ್ ಪಡೆಯಲು ಮಾತ್ರ, ತಾರೀಖು ಇಂತಿಷ್ಟು, ಅಂತ ಬರೆಯುವ ಅವಕಾಶ ಇರಲಿ. ನಮ್ಮ ಹಿರಿಯರು ಜೆರಾಕ್ಸ್ ಪ್ರತಿಯ ಮೇಲೆ ಪೆನ್ನಿನಲ್ಲಿ ಇದನ್ನೇ ಬರೆದು ಸಹಿ ಮಾಡುತ್ತಿದ್ದರು. ಹೊಸದಾಗಿ ಕಲಿಸಬೇಕಿಲ್ಲ. ಒಂದು ತಾಂತ್ರಿಕ ಎಚ್ಚರ: ಅಂಕಿಗಳ ಮೇಲೆ ಹಾಕುವ ಕಪ್ಪು ಪಟ್ಟಿ ಚಿತ್ರದಲ್ಲೇ ಬೆಸೆದುಹೋಗಬೇಕು. ಪಿಡಿಎಫ್‌ನಲ್ಲಿ ಪ್ರತ್ಯೇಕ ಪದರವಾಗಿ ಕೂತರೆ ಯಾರು ಬೇಕಾದರೂ ಸರಿಸಿ ನೋಡಬಹುದು. ಇನ್ನು, ಕಳಿಸಿದ್ದನ್ನು ಅಳಿಸಬಹುದು ಎಂಬ ಬಟನ್ ಇಡಬೇಡಿ. ಅಂಗಡಿಯ ಕಂಪ್ಯೂಟರಿಗೆ ಹೋದ ಫೈಲನ್ನು ನೀವು ಅಳಿಸಲಾರಿರಿ. ಆಗದ್ದನ್ನು ಆಗುತ್ತದೆ ಎಂದು ತೋರಿಸಿದರೆ ಜನ ನಂಬಿ ಕೆಡುತ್ತಾರೆ.

ಯಾರಿಂದ ಕಾಪಾಡಬೇಕು ಎಂಬುದಕ್ಕೆ ಎರಡನೆಯ ಉತ್ತರ, ಮನೆಯೊಳಗಿನವರಿಂದ. ಇದನ್ನು ಹೇಳುವುದು ಮುಜುಗರ, ಆದರೆ ಹೇಳಲೇಬೇಕು. 2018ರಲ್ಲಿ ನಿತ್ಯಾ ಸಾಂಬಶಿವನ್ ಮತ್ತು ಜೊತೆಗಾರರು ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳಲ್ಲಿ ಮಾಡಿದ ಅಧ್ಯಯನ ಪ್ರಕಟವಾಯಿತು. ಅಲ್ಲಿ ಎಷ್ಟೋ ಹೆಂಗಸರ ಫೋನ್ ಅವರೊಬ್ಬರದೇ ಅಲ್ಲ. ಗಂಡ, ಮಕ್ಕಳು, ಅತ್ತೆ, ಅಣ್ಣತಮ್ಮ ಎಲ್ಲರೂ ಕೇಳಿ ತೆಗೆದುಕೊಳ್ಳುತ್ತಾರೆ. ಕೊಡುವುದಿಲ್ಲ ಅನ್ನುವ ಹಾಗಿಲ್ಲ. ಪ್ರೈವೆಸಿ ನಮ್ಮಂಥವರಿಗಲ್ಲ ಎನ್ನುವವರೂ ದಿನಾ ಅದನ್ನೇ ಮಾಡುತ್ತಿದ್ದರು: ಆ್ಯಪ್ ಲಾಕ್ ಹಾಕುವುದು, ಒಂದೊಂದು ಮೆಸೇಜ್ ಆರಿಸಿ ಅಳಿಸುವುದು, ಕೆಲವನ್ನು ಫೋನಿನಲ್ಲಿ ಮಾಡುವುದನ್ನೇ ಬಿಡುವುದು. ನಮ್ಮ ಮನೆಗಳಿಗೂ ಇದು ಹೊಸದಲ್ಲ ಅಲ್ವಾ.

ನಿಮ್ಮ ಆ್ಯಪ್‌ಗೆ ಇದರಿಂದ ಒಂದು ಗಟ್ಟಿ ಪಾಠ ಇದೆ. ಬೀಗ ಹಾಕಿದ್ದು ಕಂಡರೆ, ಅದರಲ್ಲೇನಿದೆ ತೋರಿಸು ಎಂಬ ಪ್ರಶ್ನೆ ಬರುತ್ತದೆ. ಹಾಗಾಗಿ ಒಂದು ದಾಖಲೆಗೆ ಮಾತ್ರ ಗುಟ್ಟಿನ ಫೋಲ್ಡರ್ ಕೊಡಬೇಡಿ. ಇಡೀ ಆ್ಯಪ್ ಎಲ್ಲರಿಗೂ, ಯಾವಾಗಲೂ ಬೆರಳಚ್ಚು ಕೇಳಲಿ. ಆಗ ಅದು ಆ್ಯಪ್‌ನ ಗುಣವಾಗುತ್ತದೆ, ಅವರ ಗುಟ್ಟು ಅನ್ನಿಸುವುದಿಲ್ಲ. ಇನ್ನೊಂದು, ಒಂದೇ ದಾಖಲೆಯನ್ನು ತೆರೆದು ಫೋನ್ ಬೇರೆಯವರ ಕೈಗೆ ಕೊಡುವ ದಾರಿ ಮಾಡಿ. ಆಸ್ಪತ್ರೆ ಕೌಂಟರಿನಲ್ಲಿ ಫೋನ್ ಇಸಿದುಕೊಂಡವರು ಪಕ್ಕಕ್ಕೆ ಸರಿಸಿದರೆ ಮುಂದಿನ ದಾಖಲೆ ಕಾಣಬಾರದು. ಹಿಂದಕ್ಕೆ ಹೋದರೆ ಬೆರಳಚ್ಚು ಕೇಳಬೇಕು. ಈ ಸಣ್ಣ ಸೌಲಭ್ಯವನ್ನು ಜನ ನಿಮ್ಮ ಎನ್‌ಕ್ರಿಪ್ಶನ್‌ಗಿಂತ ಜಾಸ್ತಿ ಮೆಚ್ಚುತ್ತಾರೆ.

ಬೆರಳಚ್ಚು ಅಂದೆ, ಆ್ಯಪ್‌ಗೇ ಒಂದು ಪಿನ್ ಅನ್ನಲಿಲ್ಲ. ಅದಕ್ಕೆ ಕಾರಣ ಇದೆ. ನಾಲ್ಕೋ ಆರೋ ಅಂಕಿ ಕೇಳಿದರೆ ಜನ ತಮ್ಮ ಯುಪಿಐ ಪಿನ್ ಹಾಕುತ್ತಾರೆ. ನೆನಪಿರುವುದು ಅದೊಂದೇ. ಹಾಗೆ ಮಾಡಬೇಡಿ ಎಂದು ಕೆಳಗೆ ಬರೆದರೂ ಹಾಕುತ್ತಾರೆ. ಫೋನಿನದೇ ಸ್ಕ್ರೀನ್ ಲಾಕ್ ಬಳಸಿಕೊಳ್ಳಿ, ಹೊಸ ಗುಟ್ಟೊಂದನ್ನು ಅವರ ತಲೆಗೆ ಹೊರಿಸಬೇಡಿ.

ಈಗ ನಿಮ್ಮ 24 ಪದಗಳಿಗೆ ಬರೋಣ. ನಿಮ್ಮ ಆ್ಯಪ್ ಉಳಿಯುವುದು, ಬಿಡುವುದು ಇದರ ಮೇಲೇ ಇದೆ.

ಮನೆ ದಾಖಲೆ ಇಡುವವರಿಗೆ ಆಗಬಹುದಾದ ಅತಿ ಸಾಮಾನ್ಯ ಅನಾಹುತ ಯಾವುದು? ಸರ್ವರ್ ಮೇಲೆ ದಾಳಿ ಅಲ್ಲ. ಫೋನ್ ನೀರಿಗೆ ಬೀಳುವುದು, ಬಸ್ಸಿನಲ್ಲಿ ಕಳೆದುಹೋಗುವುದು, ಮಗ ಹೊಸ ಫೋನ್ ಕೊಡಿಸಿ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಹಾಕುವುದು. ಅಂಥ ಹೊತ್ತಿನಲ್ಲಿ ಎಲ್ಲ ಹೋಯಿತು ಎಂದರೆ ಅವರು ಮತ್ತೆಂದೂ ಇಂಥ ಆ್ಯಪ್ ಮುಟ್ಟುವುದಿಲ್ಲ. ಸೀದಾ ವಾಟ್ಸ್ಆ್ಯಪ್‌ನಲ್ಲಿ ತಮಗೆ ತಾವೇ ಕಳಿಸಿಕೊಂಡು ಇಟ್ಟುಕೊಳ್ಳುತ್ತಾರೆ. ಕ್ರಿಪ್ಟೊ ಹಣದ ಲೋಕದಿಂದ ಎತ್ತಿಕೊಂಡು ಬಂದ ಪದಗಳ ಪಟ್ಟಿ ಇಲ್ಲಿಗೆ ಹೊಂದುವುದಿಲ್ಲ.

ಹಾಗಂತ ಮೊಬೈಲ್ ನಂಬರಿಗೆ ಒಟಿಪಿ ಕಳಿಸಿ ಎಲ್ಲ ತೆರೆದುಕೊಡುವುದು ಬೇಡ. ಮೊದಲನೆಯದಾಗಿ, ಹಾಗೆ ಮಾಡಬೇಕಾದರೆ ಕೀ ನಿಮ್ಮ ಬಳಿ ಇರಬೇಕು. ಆಗ ನಾವೂ ನೋಡಲಾರೆವು ಎಂಬ ನಿಮ್ಮ ಮಾತು ಸುಳ್ಳಾಗುತ್ತದೆ. ಎರಡನೆಯದಾಗಿ, ನಮ್ಮಲ್ಲಿ ಬಳಕೆ ನಿಂತ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಅಮ್ಮ ಬಿಟ್ಟ ನಂಬರು ನಾಳೆ ಯಾರದೋ ಕೈಯಲ್ಲಿರುತ್ತದೆ.

ಬೇರೆಯವರು ಹೇಗೆ ಮಾಡಿದ್ದಾರೆ ನೋಡಿ. ವಾಟ್ಸ್ಆ್ಯಪ್ 2021ರಲ್ಲಿ ಬ್ಯಾಕಪ್ ಎನ್‌ಕ್ರಿಪ್ಟ್ ಮಾಡುವ ಅವಕಾಶ ತಂದಾಗ ಎರಡು ದಾರಿ ಇಟ್ಟಿತು: ಒಂದು ಪಾಸ್‌ವರ್ಡ್, ಇಲ್ಲವೇ 64 ಅಂಕಿಗಳ ಕೀ. ಪಾಸ್‌ವರ್ಡ್ ದಾರಿಯಲ್ಲಿ ಕೀ ಒಂದು ವಿಶೇಷ ಹಾರ್ಡ್‌ವೇರ್ ಪೆಟ್ಟಿಗೆಯೊಳಗೆ ಇರುತ್ತದೆ, ತಪ್ಪು ಪಾಸ್‌ವರ್ಡ್ ಹಲವು ಸಲ ಹಾಕಿದರೆ ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. ಒಳ್ಳೆಯ ಎಂಜಿನಿಯರಿಂಗ್. ಆದರೆ ಅದನ್ನು ನೀವೇ ಹುಡುಕಿ ಆನ್ ಮಾಡಬೇಕು. ಅದೇ ವರ್ಷ ಆ್ಯಪಲ್ ಇನ್ನೊಂದು ದಾರಿ ತೋರಿಸಿತು: ರಿಕವರಿ ಕಾಂಟ್ಯಾಕ್ಟ್. ನೀವು ನಂಬುವ ಒಬ್ಬರನ್ನು ಮೊದಲೇ ಆರಿಸಿಡಿ, ನಿಮ್ಮ ಖಾತೆ ಲಾಕ್ ಆದರೆ ಅವರ ಫೋನಿಗೆ ಒಂದು ಕೋಡ್ ಬರುತ್ತದೆ, ಫೋನ್ ಮಾಡಿ ಕೇಳಿಕೊಳ್ಳಿ. ಆ ವ್ಯಕ್ತಿಗೆ ನಿಮ್ಮ ಡೇಟಾ ಏನೂ ಕಾಣುವುದಿಲ್ಲ.

ಈ ದಾರಿ ನಿಮಗೆ ಹೊಂದುತ್ತದೆ ಅಂತ ನನ್ನ ಖಚಿತ ಅಭಿಪ್ರಾಯ. ಒಬ್ಬರ ಬದಲು ಮೂವರು ಇರಲಿ, ಅವರಲ್ಲಿ ಯಾರಾದರೂ ಇಬ್ಬರು ಒಪ್ಪಿದರೆ ಕೀ ಮತ್ತೆ ಸಿಗಲಿ. ಇದಕ್ಕೆ ಬೇಕಾದ ಗಣಿತವನ್ನು ಆದಿ ಶಮೀರ್ 1979ರಲ್ಲೇ ಕೊಟ್ಟಿದ್ದಾರೆ. ಕೀಯನ್ನು ಮೂರು ಚೂರು ಮಾಡುತ್ತೀರಿ, ಯಾವುದೇ ಎರಡು ಸೇರಿದರೆ ಪೂರ್ತಿ ಕೀ ಹುಟ್ಟುತ್ತದೆ, ಒಂದೇ ಚೂರಿನಿಂದ ಏನೂ ತಿಳಿಯುವುದಿಲ್ಲ. ಇದ್ಯಾವುದನ್ನೂ ಸ್ಕ್ರೀನಿನಲ್ಲಿ ವಿವರಿಸಬೇಡಿ. ಸ್ಕ್ರೀನಿನಲ್ಲಿ ಕೇಳಬೇಕಾದ್ದು ಇಷ್ಟೇ: "ನಿಮ್ಮ ಫೋನ್ ಕಳೆದರೆ ಸಹಾಯಕ್ಕೆ ಯಾರನ್ನು ಕರೆಯುತ್ತೀರಿ? ಮೂವರನ್ನು ಆರಿಸಿ." ಇದಕ್ಕೆ ಉತ್ತರ ಎಲ್ಲರಿಗೂ ಗೊತ್ತಿದೆ. ಅಮ್ಮ ಯೋಚನೆ ಮಾಡದೆ ನಿಮ್ಮ ಹೆಸರು, ತಮ್ಮನ ಹೆಸರು, ಪಕ್ಕದ ಮನೆಯ ಟೀಚರ್ ಹೆಸರು ಹೇಳುತ್ತಾರೆ.

ಕೇಳುವ ಹೊತ್ತೂ ಮುಖ್ಯ. ಮೊದಲ ಸಲ ತೆರೆದಾಗ ಬೇಡ. ಆಗ ಅವರ ಬಳಿ ಕಳೆದುಕೊಳ್ಳಲು ಏನೂ ಇಲ್ಲ. ಎರಡು ಮೂರು ದಾಖಲೆ ಹಾಕಿ, ಒಮ್ಮೆ ಬಳಸಿ, ಪರವಾಗಿಲ್ವೇ ಅನ್ನಿಸಿದ ಮೇಲೆ ಕೇಳಿ. ಅಲ್ಲಿಯವರೆಗೆ ಬ್ಯಾಕಪ್ ಇಲ್ಲ, ಮೂಲ ದಾಖಲೆ ಜೋಪಾನ ಅಂತ ಮುಚ್ಚುಮರೆ ಇಲ್ಲದೆ ಹೇಳಿ.

ಇದರಲ್ಲಿ ಅಪಾಯವೂ ಇದೆ. ಮನೆಯ ಇಬ್ಬರು ಸೇರಿಕೊಂಡು ಮೂರನೆಯವರ ದಾಖಲೆ ತೆರೆಯಬಹುದು. ಗಂಡನ ಮನೆಯಲ್ಲಿ ತೊಂದರೆ ಅನುಭವಿಸುವ ಹೆಣ್ಣುಮಗಳಿಗೆ ಇದು ಸಣ್ಣ ವಿಷಯ ಅಲ್ಲ. ಹಾಗಾಗಿ ಮನೆಯವರನ್ನೇ ಆರಿಸಬೇಕು ಎಂದು ಸೂಚಿಸಬೇಡಿ, ಕಾಂಟ್ಯಾಕ್ಟ್ ಲಿಸ್ಟಿನಿಂದ ನೀವಾಗಿ ಹೆಸರು ತೋರಿಸಬೇಡಿ. ಯಾರಾದರೂ ರಿಕವರಿ ಶುರು ಮಾಡಿದರೆ ಹಳೆಯ ಫೋನಿಗೆ ಕೂಡಲೇ ಸುದ್ದಿ ಹೋಗಲಿ, ಎರಡು ದಿನ ಕಾಯಿಸಿ, ಹಳೆಯ ಫೋನಿನಿಂದ ಬೇಡ ಎಂದರೆ ಅಲ್ಲಿಗೇ ನಿಲ್ಲಲಿ. ಆಯ್ಕೆ ಮಾಡಿದವರನ್ನು ಬದಲಿಸುವುದು ಸುಲಭವಾಗಿರಲಿ, ಬದಲಿಸಿದ್ದು ಅವರಿಗೆ ಗೊತ್ತಾಗದಿರಲಿ.

ಕಾನೂನಿನ ಬಗ್ಗೆ ಸಂಕ್ಷೇಪವಾಗಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ. ಆಮೇಲೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಕನ್ನಡವೂ ಅದರಲ್ಲಿದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯಲೂ ಆಗಬೇಕು. ಈ ಎರಡನೆಯ ಮಾತನ್ನು ಅಕ್ಷರಶಃ ತೆಗೆದುಕೊಳ್ಳಿ. ಒಂದು ಬಟನ್ನಿನಲ್ಲಿ ಒಪ್ಪಿಗೆ ಪಡೆದರೆ ಒಂದು ಬಟನ್ನಿನಲ್ಲಿ ಬಿಡಿಸಿಕೊಳ್ಳಲಿ, ಇಮೇಲ್ ಬರೆಯಿರಿ ಎನ್ನಬೇಡಿ.

ಪರೀಕ್ಷೆ ಮಾಡುವಾಗ ಅಮ್ಮ, ಅತ್ತಿಗೆಯನ್ನು ಬಿಡಿ. ಅವರಿಗೆ ನಿಮ್ಮ ಮೇಲೆ ಪ್ರೀತಿ, ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ನೀವೂ ಪಕ್ಕದಲ್ಲಿ ಕೂತು ಬೆರಳು ತೋರಿಸುತ್ತೀರಿ. ಪರಿಚಯ ಇಲ್ಲದ ಐದಾರು ಜನ ಸಾಕು. ಆಶಾ ಕಾರ್ಯಕರ್ತೆ, ಆಟೊ ಓಡಿಸುವವರು, ನಿವೃತ್ತ ಮೇಷ್ಟ್ರು, ಅಂಗಡಿ ನೋಡಿಕೊಳ್ಳುವವರು. ಹೇಗಿದೆ ಎಂದು ಕೇಳಬೇಡಿ, ಕೆಲಸ ಕೊಡಿ. ಈ ಪಾಸ್‌ಬುಕ್ ಹಾಕಿ. ಈಗ ಇದನ್ನು ಜೆರಾಕ್ಸ್ ಅಂಗಡಿಗೆ ಕಳಿಸಿ. ಈಗ ನಿಮ್ಮ ಫೋನ್ ಕಳೆದಿದೆ, ಈ ಇನ್ನೊಂದು ಫೋನ್ ತೆಗೆದುಕೊಳ್ಳಿ. ಕೊಟ್ಟು ಸುಮ್ನೆ ಕೂತುಬಿಡಿ. ಬಾಯಿ ಬಿಡಬೇಡಿ. ಬೆರಳು ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಮ್ಮ ಮುಖ ನೋಡುತ್ತಾರೆ ಎಂದು ಬರೆದುಕೊಳ್ಳಿ. ಪ್ರತಿ ಕೆಲಸದ ಕೊನೆಗೆ ಒಂದೇ ಪ್ರಶ್ನೆ: ಈಗ ಈ ದಾಖಲೆ ಯಾರ್ಯಾರಿಗೆ ಕಾಣುತ್ತದೆ ಅಂತ ನಿಮಗನ್ನಿಸುತ್ತೆ? ಅವರ ಉತ್ತರ ನಿಜಕ್ಕಿಂತ ಬೇರೆ ಇದ್ದರೆ ನಿಮ್ಮ ಸ್ಕ್ರೀನ್ ತಿದ್ದಬೇಕು, ಅವರನ್ನಲ್ಲ. ಪರೀಕ್ಷೆಗೆ ನಕಲಿ ದಾಖಲೆಗಳನ್ನೇ ಬಳಸಿ, ಅವರ ನಿಜವಾದ ಆಧಾರ್ ಕೇಳಬೇಡಿ.

ನಿಮ್ಮ ಒಳ್ಳೆಯ ಫೋನಿನಲ್ಲೂ ಪರೀಕ್ಷಿಸಬೇಡಿ. ಸ್ಟೋರೇಜ್ ತುಂಬಿದ, ಗಾಜು ಒಡೆದ, ಅಕ್ಷರದ ಗಾತ್ರ ದೊಡ್ಡದು ಮಾಡಿಟ್ಟ ಅಗ್ಗದ ಫೋನಿನಲ್ಲಿ ನೋಡಿ. ಇಂಗ್ಲಿಷಿಗೆ ಅಳೆದು ಮಾಡಿದ ಬಟನ್ನಿನಲ್ಲಿ ಕನ್ನಡದ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತದೆ, ಉದ್ದ ಸಾಲು ಅರ್ಧಕ್ಕೇ ಮೂರು ಚುಕ್ಕಿಯಾಗಿ ನಿಲ್ಲುತ್ತದೆ. "ಅಳಿಸಬೇಡಿ" ಎಂಬುದು "ಅಳಿಸ..." ಎಂದು ಕಂಡರೆ ಏನಾಗುತ್ತದೆ ನೀವೇ ಯೋಚಿಸಿ.

ಕೊನೆಯದಾಗಿ ನೀವು ಕೇಳದ ಒಂದು ವಿಷಯ. ನೀವು ಮೂವರು ಗೆಳೆಯರು. ನಾಳೆ ಒಬ್ಬರಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ, ಸರ್ವರ್ ಬಾಡಿಗೆ ಕಟ್ಟಲು ಆಗದೆ ಆ್ಯಪ್ ನಿಲ್ಲಿಸಬೇಕಾಗಬಹುದು. ಆಗ ಒಳಗಿರುವ ದಾಖಲೆಗಳ ಗತಿ ಏನು? ಎಲ್ಲವನ್ನೂ ಸಾಮಾನ್ಯ ಪಿಡಿಎಫ್ ಆಗಿ ಫೋನಿಗೆ ತೆಗೆದುಕೊಳ್ಳುವ ಬಟನ್ನನ್ನು ಮೊದಲ ಆವೃತ್ತಿಯಲ್ಲೇ ಹಾಕಿ. ಅದು ಇಂಟರ್ನೆಟ್ ಇಲ್ಲದೆಯೂ, ನಿಮ್ಮ ಸರ್ವರ್ ಆಫ್ ಆಗಿದ್ದಾಗಲೂ ಕೆಲಸ ಮಾಡಬೇಕು. ಸರ್ವರ್ ಆಫ್ ಮಾಡಿಯೇ ಒಮ್ಮೆ ನೋಡಿ, ಆಮೇಲೆ ಪ್ಲೇ ಸ್ಟೋರಿಗೆ ಹಾಕಿ.